ಜುಂದುಬ್ ಸಾಹೇಬರು ಬರುತ್ತಾರಂತೆ

ಲಿಫ್ಟಿನವನು ಕೆಲಸಕ್ಕೆ ಸೇರಿದ ದಿನ ಅವನ ಹೆಸರನ್ನು ತೆಗೆದುಹಾಕಿದರು. ಅವನಿಗಿಂತ ಮುಂಚೆ ಲಿಫ್ಟ್ ನಡೆಸುತ್ತಿದ್ದವನು ಸತ್ತಿದ್ದ. ಸತ್ತವನ ಹೆಸರು ಕೆತ್ತಿದ ಹಿತ್ತಾಳೆಯ ಬಿಲ್ಲೆ ಇನ್ನೂ ಚೆನ್ನಾಗಿತ್ತು. ಅದನ್ನು ಇವನ ಎದೆಗೆ ಚುಚ್ಚಿದರು.

"ಬಿಲ್ಲೆ ಲಿಫ್ಟಿನದು, ಮನುಷ್ಯನದಲ್ಲ," ಎಂದು ಕಟ್ಟಡದ ಮ್ಯಾನೇಜರು ಅವತ್ತೇ ಕಾನೂನು ಹೇಳಿಬಿಟ್ಟಿದ್ದರು. "ಮನುಷ್ಯರು ಬರ್ತಾರೆ, ಹೋಗ್ತಾರೆ. ಪ್ರತಿ ಸಲ ಹೊಸ ಬಿಲ್ಲೆ ಮಾಡಿಸ್ತಾ ಕೂತ್ರೆ ಕಟ್ಟಡ ಉದ್ಧಾರ ಆದ ಹಾಗೇ!"

ಅಂದಿನಿಂದ ಇಡೀ ಕಟ್ಟಡ ಇವನನ್ನು ಸತ್ತವನ ಹೆಸರಿನಿಂದಲೇ ಕರೆಯುತ್ತ ಬಂದಿದೆ. ಆ ಹೆಸರು ಏನೆಂದು ನಾವಿಲ್ಲಿ ಹೇಳುವುದಿಲ್ಲ. ಸತ್ತವರನ್ನು ಪದೇ ಪದೇ ಕೂಗಿ ಎಬ್ಬಿಸುವುದು ಒಳ್ಳೆಯ ಮನೆತನದವರ ಲಕ್ಷಣವಲ್ಲ. ಕಟ್ಟಡದವರಿಗೆ ಅಂಥ ಮನೆತನವೇನೂ ಇರಲಿಲ್ಲವಾದ್ದರಿಂದ ಅವರು ಬೆಳಗಿನಿಂದ ಸಂಜೆಯವರೆಗೂ ಕೂಗುತ್ತಿದ್ದರು. ಮೊದಲ ಮಹಡಿಯಿಂದ ಹಲ್ಲಿನ ಡಾಕ್ಟರು, ಎರಡನೆಯದರಿಂದ ವಕೀಲರು, ಮೂರನೆಯದರಿಂದ ಖುದ್ದು ಮ್ಯಾನೇಜರು, ಹೀಗೆ ಸರದಿಯ ಮೇಲೆ ಆ ಹೆಸರು ಲಿಫ್ಟಿನ ಬಾವಿಯೊಳಗೆ ಬೀಳುತ್ತಿತ್ತು. ಕೂಗಿದಾಗಲೆಲ್ಲ ಮೆಟ್ಟಿಲು ಗುಡಿಸುವ ಅಕ್ಕನ ಪೊರಕೆ ಒಂದು ಕ್ಷಣ ನಿಂತು ಮತ್ತೆ ಚಲಿಸುತ್ತಿತ್ತು. ಅವಳು ಸತ್ತವನ ಹೆಂಡತಿ. ಗಂಡ ಹೋದ ಮೇಲೆ ಕನಿಕರಪಟ್ಟು ಅವಳ ಕೈಗೆ ಪೊರಕೆ ಕೊಟ್ಟವರೂ ಇದೇ ಮ್ಯಾನೇಜರು. ಅವಳೊಬ್ಬಳು ಮಾತ್ರ ಇವನನ್ನು ಆ ಹೆಸರಿನಿಂದ ಕರೆದವಳಲ್ಲ. "ತಮ್ಮಾ" ಎನ್ನುತ್ತಿದ್ದಳು.

ಲಿಫ್ಟಿನವನಿಗೆ ಸ್ವಂತ ಹೆಸರೊಂದಿತ್ತು. ಜುಂದುಬ್. ಇಟ್ಟವಳು ಅವನ ಅಜ್ಜಿ. ಬಾಯ್ತುಂಬ ಕರೆದವಳು ಅವನ ತಾಯಿ. ತಾಯಿ ಹೋದ ಮೇಲೆ ಅದನ್ನು ಕರೆಯುವವರೇ ಇರಲಿಲ್ಲ. ಹೆಂಡತಿ ಇದ್ದಷ್ಟು ಕಾಲ "ಇಲ್ನೋಡಿ" ಎನ್ನುತ್ತಿದ್ದಳು, ಈಗ ಅವಳೂ ಇಲ್ಲ. ಮಗಳಿಗೆ ಅವನು ಅಪ್ಪ. ಹೀಗಾಗಿ ಆ ಹೆಸರು ಪೆಟ್ಟಿಗೆಯ ತಳದಲ್ಲಿಟ್ಟ ಹೊಸ ಅಂಗಿಯ ಹಾಗೆ ಮಡಿಕೆ ಮುರಿಯದೆ ಉಳಿದುಹೋಗಿತ್ತು.

ಆ ಮಡಿಕೆ ಮುರಿಯಲು ಹೊರಟವಳು ಮಗಳು.

ಅವಳಿಗೆ ಗಂಡು ಮಗುವಾಗಿತ್ತು. ಲಿಫ್ಟಿನವನು ಇದ್ದುದರಲ್ಲೇ ಒಳ್ಳೆಯ ಅಂಗಿ ತೊಟ್ಟು ಮೊಮ್ಮಗನನ್ನು ನೋಡಲು ಬೀಗರ ಮನೆಗೆ ಹೋದ. ಬೀಗರದು ಗಡಿಯಾರದ ಅಂಗಡಿ. ಅಂಗಡಿಯ ಗೋಡೆಯ ಮೇಲೆ ಒಂದೊಂದು ಗಡಿಯಾರ ಒಂದೊಂದು ಹೊತ್ತು ತೋರಿಸುತ್ತದೆ. ಬೀಗರ ಅಭಿಪ್ರಾಯದಲ್ಲಿ ಗಡಿಯಾರಗಳು ಸರಿಯಾಗಿಯೇ ಇವೆ, ಹೊತ್ತಿನದೇ ತಪ್ಪು.

"ಮಗೂಗೆ ನಮ್ಮಪ್ಪನ ಹೆಸರೇ ಇಡೋದು ಮಾವ," ಎಂದಳು ಮಗಳು, ಹಾಸಿಗೆಯಿಂದಲೇ.

ಬೀಗರು ಕನ್ನಡಕ ತೆಗೆದು ಒರೆಸಿದರು. ಬೀಗರು ಕನ್ನಡಕ ಒರೆಸಿದರೆಂದರೆ ಎದುರಿಗಿದ್ದವನ ಗ್ರಹಚಾರ ಶುರುವಾಯಿತೆಂದು ಅರ್ಥ.

"ಇಡೋಣಮ್ಮ, ಯಾರು ಬೇಡ ಅಂದ್ರು? ಆದ್ರೆ ನಮ್ಮನೇಲಿ ಅರ್ಥ ಇಲ್ಲದ ಹೆಸರು ಇಟ್ಟ ಅಭ್ಯಾಸ ಇಲ್ಲ. ನನ್ನ ದೊಡ್ಡ ಮಗನ ಹೆಸರಿನ ಅರ್ಥ ಧರ್ಮದ ದೀಪ. ಎರಡನೆಯವನದು ಚಂದ್ರನ ಬೆಳಕು. ನಿನ್ನ ಗಂಡನದಂತೂ ವಿಜಯದ ಹೆಬ್ಬಾಗಿಲು."

ವಿಜಯದ ಹೆಬ್ಬಾಗಿಲು ಆ ಹೊತ್ತಿಗೆ ಬಚ್ಚಲಲ್ಲಿ ಕೂತು ಮಗುವಿನ ಬಟ್ಟೆ ಹಿಂಡುತ್ತಿತ್ತು.

"ಹೇಳಿ ಬೀಗರೇ, ಜುಂದುಬ್ ಅಂದ್ರೇನು?"

ಲಿಫ್ಟಿನವನಿಗೆ ಗೊತ್ತಿರಲಿಲ್ಲ. ಆದರೆ ಈ ಪ್ರಶ್ನೆಗೆ ಅವನು ಹಿಂದೊಮ್ಮೆ ಉತ್ತರ ಕೊಟ್ಟಿದ್ದ. ಮಗಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಇದನ್ನೇ ಕೇಳಿದ್ದಳು. ಮಕ್ಕಳ ಮುಂದೆ ಗೊತ್ತಿಲ್ಲ ಎನ್ನುವುದಕ್ಕೆ ಎದೆ ಗಟ್ಟಿ ಬೇಕು, ಅದು ಇವನಿಗಿರಲಿಲ್ಲ. ಅವತ್ತು ಬಾಯಿಗೆ ಬಂದದ್ದೇ ಈಗಲೂ ಬಂತು.

"ಸಿಂಹ," ಎಂದ.

"ಓಹೋ!"

"ಯುದ್ಧದ ಸಿಂಹ," ಎಂದು ಸ್ವಲ್ಪ ಉಪ್ಪು ಖಾರ ಸೇರಿಸಿದ.

"ಯಾರು ಹೇಳಿದ್ದು?"

"ಮಸೀದಿಯ ಗುರುಗಳೇ ಹೇಳಿದ್ದು ಬೀಗರೇ. ಕೈ ಹಿಡ್ಕೊಂಡು ಹೇಳಿದ್ರು."

ಸುಳ್ಳಿಗೆ ಒಂದು ಕಾಲು ಸಾಕಾಗುವುದಿಲ್ಲ, ಎರಡನೆಯದನ್ನೂ ಬೇಡುತ್ತದೆ. ಗುರುಗಳು ಅವನ ಕೈ ಹಿಡಿದಿದ್ದು ಹೌದು, ಕೆಸರಲ್ಲಿ ಜಾರಿ ಬಿದ್ದಾಗ ಎತ್ತಲು.

ಬೀಗರು ಕನ್ನಡಕ ಹಾಕಿಕೊಂಡರು. "ಬಹಳ ಸಂತೋಷ. ಹಾಗಾದ್ರೆ ಶುಕ್ರವಾರ ಹೆಸರಿಡೋ ಹೊತ್ತಿಗೆ, ನೆಂಟರಿಷ್ಟರ ಮುಂದೆ, ಗುರುಗಳ ಎದುರಿಗೇ, ಹೆಸರಿನ ಅರ್ಥ, ಮೂಲ ಎರಡನ್ನೂ ನೀವೇ ನಿಂತು ಹೇಳ್ಬೇಕು. ಸಿಂಹ ಆದ್ರೆ ಜುಂದುಬ್. ಇಲ್ಲ ಅಂದ್ರೆ ನಮ್ಮಪ್ಪನ ಹೆಸರು ಇದ್ದೇ ಇದೆ."

ಲಿಫ್ಟಿನವನು ಮೊಮ್ಮಗನ ಮುಖ ನೋಡಿದ. ಮಗು ಮುಷ್ಟಿ ಬಿಗಿ ಹಿಡಿದು, ಹುಬ್ಬು ಗಂಟು ಹಾಕಿ, ಜಗತ್ತನ್ನೇ ವಿಚಾರಣೆಗೆ ಕರೆದ ಹಾಗೆ ಮಲಗಿತ್ತು. ತಾನು ಸತ್ತರೆ ತನ್ನ ಜೊತೆಗೇ ಮಣ್ಣಾಗಲಿದ್ದ ಹೆಸರು ಈ ಅಂಗೈಯಗಲದ ಎದೆಯ ಮೇಲೆ ಕೂತು ಮುಂದೆ ಹೋಗುತ್ತದೆ ಎನಿಸಿ ಅವನು ಮೂಗು ಒರೆಸಿಕೊಂಡ. ಬೀಗರು ಅದನ್ನು ನೆಗಡಿ ಎಂದುಕೊಂಡು ಕಿಟಕಿ ಮುಚ್ಚಿಸಿದರು.

ಶುಕ್ರವಾರದೊಳಗೆ ಅರ್ಥ ಬೇಕಿತ್ತು. ಗುರುಗಳನ್ನು ಕೇಳೋಣವೆಂದರೆ, ಅವರೇ ಹೇಳಿದ್ದೆಂದು ಹೇಳಿಯಾಗಿದೆ. ತಾನೇ ಬಾಗಿಲು ಮುಚ್ಚಿ ತಾನೇ ಕೀಲಿ ನುಂಗಿದವನ ಸ್ಥಿತಿ. ಉಳಿದದ್ದು ಲಿಫ್ಟು. ಕಟ್ಟಡದ ತುಂಬ ಓದಿದವರೇ ಇದ್ದಾರೆ, ದಿನವೂ ತನ್ನ ಪಕ್ಕದಲ್ಲೇ ನಿಂತು ಮೇಲೆ ಹೋಗುತ್ತಾರೆ. ಕೇಳಿದರೆ ಏನು ಗಂಟು ಹೋಗುತ್ತದೆ?

ಮೊದಲು ಸಿಕ್ಕಿದವರು ಹಲ್ಲಿನ ಡಾಕ್ಟರು.

"ಸಾರ್, ಜುಂದುಬ್ ಅಂದ್ರೇನು ಸಾರ್?"

ಡಾಕ್ಟರು ಹುಬ್ಬೇರಿಸಿದರು. ತಮಗೆ ಗೊತ್ತಿಲ್ಲದ ಯಾವ ಶಬ್ದ ಕಿವಿಗೆ ಬಿದ್ದರೂ ಅದು ಔಷಧಿಯೇ ಇರಬೇಕೆಂದು ಅವರು ನಂಬಿದ್ದರು. "ಊಟ ಆದ್ಮೇಲೆ ತಗೋ. ಖಾಲಿ ಹೊಟ್ಟೇಲಿ ಬೇಡ."

ವಕೀಲರಿಗೆ ಆ ನಂಬಿಕೆ ಇರಲಿಲ್ಲ. ಗೊತ್ತಿಲ್ಲದ ಶಬ್ದವೆಲ್ಲ ಅವರ ಪಾಲಿಗೆ ಪ್ರತಿವಾದಿ.

"ಜುಂದುಬ್? ಯಾರಯ್ಯ ಆತ?"

"ದೊಡ್ಡ ಹೆಸರು ಸಾರ್."

"ದೊಡ್ಡ ಹೆಸರು ಅಂತ ಗೊತ್ತಾಯ್ತು. ಈ ಕಟ್ಟಡಕ್ಕೂ ಆತನಿಗೂ ಏನು ಸಂಬಂಧ?"

ಲಿಫ್ಟಿನವನು ಯೋಚಿಸಿದ. ವಕೀಲರ ಮುಂದೆ ಸುಳ್ಳು ಹೇಳಬಾರದೆಂದು ಕೇಳಿದ್ದ. "ಬಹಳ ವರ್ಷದ ಸಂಬಂಧ ಸಾರ್. ಮೇಲಿಂದ ಕೆಳಗಿನವರೆಗೂ."

"ಶುಕ್ರವಾರ ಅಂತ ಏನೋ ಗೊಣಗ್ತಿದ್ಯಲ್ಲ?"

"ಹೌದು ಸಾರ್. ಶುಕ್ರವಾರ ನಾಲ್ಕು ಜನರ ಮುಂದೆ ಹೆಸರು ಪಕ್ಕಾ ಆಗ್ಬೇಕು. ಇಲ್ಲ ಅಂದ್ರೆ ಬೇರೆಯವರ ಹೆಸರಿಗೆ ಹೋಗತ್ತೆ."

ವಕೀಲರು ಲಿಫ್ಟಿನಿಂದ ಇಳಿಯುವಾಗ ಅವರ ಕಾಲು ನೆಲಕ್ಕೆ ತಾಗಲಿಲ್ಲ. ಕಟ್ಟಡ ಶುಕ್ರವಾರ ಜುಂದುಬ್ ಎಂಬವರ ಹೆಸರಿಗೆ ನೋಂದಣಿಯಾಗಲಿದೆ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಡೆ ಇರುತ್ತಾರೆ. ಈ ಕಟ್ಟಡದಲ್ಲಿ ಅವರು ಕರುವಿಗೆ ಹೆಸರನ್ನೂ ಹುಡುಕತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಜುಂದುಬ್ ಸಾಹೇಬರು ಎತ್ತರದ ಆಳಾಗಿದ್ದರು. ಸಂಜೆಗೆ ಅವರಿಗೆ ಬಿಳಿ ಗಡ್ಡ ಬಂತು. ಮರುದಿನ ಬೆಳಿಗ್ಗೆ ಅವರು ಬಾಡಿಗೆ ಸರಿಯಾಗಿ ಕೊಡದವರನ್ನು ಹೊರಗೆ ಹಾಕುವವರಾದರು. ಅವರನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡರು. ವಾಚ್‌ಮನ್ ಅಂತೂ ಅವರ ಕಾರಿನ ಬಾಗಿಲು ತಾನೇ ತೆಗೆದೆ ಎಂದು ಪ್ರಮಾಣ ಮಾಡಿದ.

ಲಿಫ್ಟಿನವನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಲಿಫ್ಟಿನವನಿಗೆ ಸುದ್ದಿ ಹೇಳುವುದುಂಟೆ? ಅವನು ಲಿಫ್ಟಿನ ಭಾಗ. ಅವನ ಮುಂದೆ ಏನು ಬೇಕಾದರೂ ಮಾತಾಡಬಹುದು, ಅವನೊಂದಿಗೆ ಮಾತ್ರ ಆಡುವಂತಿಲ್ಲ. ಮೇಲಾಗಿ ಜುಂದುಬ್ ಎಂದು ಯಾರಾದರೂ ಪಿಸುಗುಟ್ಟಿದರೆ, ತನ್ನ ಪ್ರಶ್ನೆಗೆ ಪಾಪ ಎಲ್ಲರೂ ಸೇರಿ ಉತ್ತರ ಹುಡುಕುತ್ತಿದ್ದಾರೆ ಎಂದು ಅವನ ಕಣ್ಣು ತೇವವಾಗುತ್ತಿತ್ತು.

ಬುಧವಾರ ಮ್ಯಾನೇಜರು ಅವನನ್ನು ತಮ್ಮ ಕೋಣೆಗೆ ಕರೆಸಿದರು. ಬಾಗಿಲು ಹಾಕಿಕೊಂಡರು. ದನಿ ಇಳಿಸಿದರು.

"ನೋಡಪ್ಪಾ, ಜುಂದುಬ್ ಸಾಹೇಬ್ರು ನಿಂಗೆ ಗೊತ್ತಂತೆ?"

ಲಿಫ್ಟಿನವನಿಗೆ ಕಾಲ ಕೆಳಗಿನ ನೆಲವೇ ಮೇಲಕ್ಕೆ ಹೊರಟ ಹಾಗಾಯಿತು. ಇಷ್ಟು ವರ್ಷಗಳ ಮೇಲೆ ಮ್ಯಾನೇಜರಿಗೆ ತನ್ನ ಹೆಸರು ತಿಳಿಯಿತು! ಅದೂ ಎಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾರೆ. ದೊಡ್ಡವರು ಎದುರಿಗಿದ್ದವರನ್ನೇ ಬೇರೆ ಯಾರೋ ಎಂಬಂತೆ ಗೌರವದಿಂದ ವಿಚಾರಿಸುವುದುಂಟು ಎಂದು ಅವನು ಕೇಳಿ ಬಲ್ಲ. ಅವನೂ ಅದೇ ಧಾಟಿ ಹಿಡಿದ.

"ಹುಟ್ಟಿದಾಗಿಂದ ಗೊತ್ತು ಸಾರ್."

ಮ್ಯಾನೇಜರು ಎದ್ದು ನಿಂತರು. "ಹುಟ್ಟಿದಾಗಿಂದಲಾ? ಕೂತ್ಕೊ, ಕೂತ್ಕೊ. ಸ್ವಭಾವ ಹೇಗೆ?"

"ಮೆತ್ತಗೆ ಸಾರ್. ಯಾರಿಗೂ ಎದುರು ಮಾತಾಡಲ್ಲ."

"ಅಂಥವರೇ ಅಪಾಯ," ಎಂದು ಮ್ಯಾನೇಜರು ತಮ್ಮೊಳಗೇ ಅಂದುಕೊಂಡರು. "ಈ ಕಟ್ಟಡದ ಬಗ್ಗೆ ಅವರಿಗೆ ಏನಾದ್ರೂ ಬೇಜಾರು...?"

ಲಿಫ್ಟಿನವನು ಕೈ ಹಿಸುಕಿಕೊಂಡ. ಕೇಳಿದಾಗ ಹೇಳದಿದ್ದರೆ ಅವರಿಗೆ ಅವಮಾನ. "ದೊಡ್ಡದೇನಿಲ್ಲ ಸಾರ್. ನಿಂತೂ ನಿಂತೂ ಅವರ ಮಂಡಿ ಹೋಗಿದೆ. ಲಿಫ್ಟಲ್ಲಿ ಒಂದು ಸ್ಟೂಲ್ ಇದ್ದಿದ್ರೆ ಅಂತ ಅವರಿಗೆ ಆಸೆ. ಆಮೇಲೆ ಆ ಫ್ಯಾನು... ಸೆಕೆ ಆದ್ರೆ ತಲೆ ಸುತ್ತು ಬರತ್ತೆ ಅವರಿಗೆ."

"ಮತ್ತೆ?"

"ಮೆಟ್ಟಿಲು ಗುಡಿಸೋ ಅಕ್ಕನ್ನ ಯಾರೂ 'ಏಯ್' ಅನ್ಬಾರದು ಸಾರ್. ಅದು ಅವರಿಗೆ ಬಹಳ ಚುಚ್ಚತ್ತೆ."

ಲಿಫ್ಟಿನವನು ಕೂತರೆ ಲಿಫ್ಟಿಗೆ ಸೋಮಾರಿತನ ಬರುತ್ತದೆಂದು ಸ್ಟೂಲನ್ನು ಹಿಂದೆ ಎತ್ತಿಸಿದ್ದವರೇ ಈ ಮ್ಯಾನೇಜರು. ಸಂಜೆಯೊಳಗೆ ಸ್ಟೂಲು ಬಂತು, ಮೇಲೆ ಮೆತ್ತೆಯೂ ಇತ್ತು. ಫ್ಯಾನು ತಿರುಗಿತು. ಮೆಟ್ಟಿಲ ಮೂಲೆಯಲ್ಲಿ ಉಗುಳಬೇಡಿ ಎಂಬ ಫಲಕದ ಕೆಳಗಿನ ಉಗುಳನ್ನು ಮೊದಲ ಬಾರಿಗೆ ತೊಳೆದರು. ಮ್ಯಾನೇಜರು ಗುಡಿಸುವ ಅಕ್ಕನ ಎದುರು ನಿಂತು, ಅಭ್ಯಾಸವಿಲ್ಲದ ಶಬ್ದ ಹುಡುಕಿ ಹುಡುಕಿ, "ಅಮ್ಮಾ, ಆರಾಮಾ?" ಎಂದರು. ಅವಳು ಗಾಬರಿಯಿಂದ ಪೊರಕೆ ಕೆಳಗೆ ಹಾಕಿದಳು.

"ತಮ್ಮಾ, ಅವರಿಗೆ ಮೈ ಹುಷಾರಿಲ್ವಾ?" ಎಂದು ಅವಳು ಲಿಫ್ಟಿನವನನ್ನು ಕೇಳಿದಳು.

"ಒಳ್ಳೆಯವರಾಗಿದ್ದಾರೆ ಅಕ್ಕ."

"ಅದೇ ಕೇಳಿದ್ದು."

ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು. ಲಿಫ್ಟು ಎರಡನೇ ಮಹಡಿಯಲ್ಲಿ ಸರಿಯಾಗಿ ಬಾಗಿಲ ಮಟ್ಟಕ್ಕೆ ಬಂದು ನಿಂತಿತು. ಲಿಫ್ಟಿನವನು ಜಾಲರಿ ಸರಿಸಿ ಹೊರಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಶುಕ್ರವಾರ ಹೊಸ್ತಿಲಿಗೆ ಬಂದಿತ್ತು, ಅರ್ಥ ಎಲ್ಲೂ ಇರಲಿಲ್ಲ. ಗುಡಿಸುವ ಅಕ್ಕ ಬಂದು ಅವನ ಪಕ್ಕ ಕೂತಳು. ಅವಳ ಮುಂದೆ ಎಲ್ಲವನ್ನೂ ಹೇಳಿಕೊಂಡ.

"ಅಯ್ಯೋ ಹುಚ್ಚಪ್ಪ!" ಎಂದಳು ಅವಳು. "ತುದಿ ಮಹಡೀಲಿ ತರ್ಜುಮೆ ಮಾಡೋ ಅಮ್ಮ ಇದ್ದಾರಲ್ಲ, ಅರಬ್ಬಿ ಕಾಗದ ಎಲ್ಲ ಓದ್ತಾರೆ. ಅವರನ್ನ ಕೇಳೋದು ಬಿಟ್ಟು ಹಲ್ಲು ಕೀಳೋರ ಹತ್ರ ಹೋಗಿದ್ಯಲ್ಲ?"

"ಯಾವ ಅಮ್ಮ? ನಾನು ನೋಡೇ ಇಲ್ವಲ್ಲ!"

"ಎಲ್ಲಿ ನೋಡ್ತೀಯ? ಅವರಿಗೆ ಲಿಫ್ಟ್ ಅಂದ್ರೆ ಜೀವಭಯ. ಮೆಟ್ಟಿಲು ಹತ್ತೇ ಬರೋದು. ನಂಗೆ ದಿನಾ ಸಿಗ್ತಾರೆ."

ಇಡೀ ಕಟ್ಟಡದಲ್ಲಿ ಉತ್ತರ ಗೊತ್ತಿದ್ದ ಒಬ್ಬರೇ ಒಬ್ಬರು ಅವನ ಲಿಫ್ಟ್ ಹತ್ತುತ್ತಿರಲಿಲ್ಲ! ಲಿಫ್ಟಿನವನು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಹಿಂದೆಯೇ ಅಕ್ಕ ಬಂದಳು.

ತರ್ಜುಮೆ ಅಮ್ಮ ಬಿಳಿ ಕೂದಲಿನ, ಬೆರಳಿಗೆ ಮಸಿ ಹತ್ತಿದ ಸಣ್ಣ ಹೆಂಗಸು. ಪ್ರಶ್ನೆ ಕೇಳಿ ಅವರ ಮುಖ ಅರಳಿತು.

"ಜುಂದುಬ್! ಎಷ್ಟು ವರ್ಷ ಆಯ್ತು ಈ ಹೆಸರು ಕೇಳಿ! ಬಹಳ ಅಪರೂಪ. ಈಗ ಯಾರೂ ಇಡೋದೇ ಇಲ್ಲ."

"ಅರ್ಥ ಅಮ್ಮ?"

"ಮಿಡತೆ."

ಲಿಫ್ಟಿನವನ ಕಿವಿ ಅಲ್ಲಿಗೇ ಬಾಗಿಲು ಹಾಕಿಕೊಂಡಿತು.

ಅಮ್ಮ ಹೇಳುತ್ತಲೇ ಹೋದರು. ಹಳೆಯ ಕಾಲದ ಅರಬರು ಮಕ್ಕಳಿಗೆ ಪ್ರಾಣಿ, ಪಕ್ಷಿ, ಹುಳುಗಳ ಹೆಸರನ್ನೂ ಇಡುತ್ತಿದ್ದರು, ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಪ್ರವಾದಿಗಳ ಸಂಗಡಿಗರಲ್ಲಿ ಒಬ್ಬ ಹಿರಿಯರ ಹೆಸರೂ ಇದೇ ಎನ್ನುತ್ತಾರೆ. ಬಡವರ ಪಕ್ಷ ಹಿಡಿದವರು, ಕೂಡಿಟ್ಟವರ ಮುಖಕ್ಕೇ ಮಾತಾಡಿದವರು, ಸುಮ್ಮನಿರು ಎಂದರೆ ಸುಮ್ಮನಿರದವರು. ಆದರೆ ಲೋಕ ಅವರನ್ನು ಬೇರೆ ಹೆಸರಿನಿಂದಲೇ ಕರೆಯಿತು, ಸ್ವಂತ ಹೆಸರು ಅಡಿಯಲ್ಲಿ ಉಳಿದುಹೋಯಿತು. ಇದೆಲ್ಲವನ್ನೂ ಬಾಗಿಲಿಗೆ ಒರಗಿ, ಪೊರಕೆ ಎದೆಗವಚಿಕೊಂಡು ಕೇಳಿದವಳು ಅಕ್ಕ. ಲಿಫ್ಟಿನವನಿಗೆ ಕೇಳಿಸುತ್ತಿದ್ದುದು ಒಂದೇ. ಮಿಡತೆ. ಹುಲ್ಲಿನಿಂದ ಹುಲ್ಲಿಗೆ ಜಿಗಿಯುವ, ಯಾರ ಕಾಲಿಗಾದರೂ ಸಿಕ್ಕಿ ಸಾಯುವ ಮಿಡತೆ. ತಾನು ಹುಟ್ಟಿದಾಗ ಅಂಗೈಯಷ್ಟೇ ಇದ್ದೆನೆಂದು ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಅಜ್ಜಿ ಕಣ್ಣಿಂದ ನೋಡಿಯೇ ಹೆಸರಿಟ್ಟಿದ್ದಳು.

ಇತ್ತ ಗಾಳಿಸುದ್ದಿ ಬೀದಿಗೆ ಇಳಿದಿತ್ತು. ವಕೀಲರು ಕೈಗಡಿಯಾರ ರಿಪೇರಿಗೆಂದು ಹೋದ ಅಂಗಡಿ ಯಾವುದಿರಬೇಕು? ಬೀಗರದೇ. ಅಲ್ಲಿ ಅವರು, "ನಮ್ಮ ಕಟ್ಟಡ ಜುಂದುಬ್ ಅನ್ನೋರ ಕೈಗೆ ಹೋಗ್ತಿದೆ ಕಣ್ರೀ" ಎಂದರು.

ಇಡೀ ಊರಿನಲ್ಲಿ ಜುಂದುಬ್ ಯಾರೆಂದು ಖಚಿತವಾಗಿ ಗೊತ್ತಿದ್ದವರು ಬೀಗರು. ಆದ್ದರಿಂದಲೇ ಎಲ್ಲರಿಗಿಂತ ಹೆಚ್ಚು ಮೋಸಹೋದವರೂ ಅವರೇ. ಬೀಗ ಕಟ್ಟಡ ಕೊಂಡ! ಇಷ್ಟು ವರ್ಷ ಲಿಫ್ಟಿನಲ್ಲಿ ನಿಂತದ್ದು ಬರೀ ವೇಷ! ಒಳಗಿದ್ದುಕೊಂಡೇ ಕಟ್ಟಡದ ನಾಡಿ ಹಿಡಿದು ನೋಡಿದ್ದಾನೆ, ಯುದ್ಧದ ಸಿಂಹ! ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೆ ಒಂದೇ ಹೊತ್ತು ತೋರಿಸಿದ ಹಾಗೆ ಬೀಗರಿಗೆ ಎಲ್ಲವೂ ಸ್ಪಷ್ಟವಾಯಿತು.

ಶುಕ್ರವಾರ ಬೆಳಿಗ್ಗೆ ಅವರು ಸೊಸೆಯನ್ನೂ ಮೊಮ್ಮಗನನ್ನೂ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಹೊರಟರು.

"ಹೆಸರಿಡೋದು ಸಂಜೆ ಅಲ್ವಾ ಮಾವ? ಈಗ ಎಲ್ಲಿಗೆ?"

"ಮಗು ತನ್ನ ಆಸ್ತಿ ನೋಡ್ಬೇಡ್ವೇನಮ್ಮ? ಹೆಸರು ಅಂದ್ರೆ ಜುಂದುಬ್ ಅನ್ನೋದೇ ಹೆಸರು. ಹೇಳ್ತಿದ್ರೆ ಬಾಯಲ್ಲಿ ಗಂಟೆ ಹೊಡೆದ ಹಾಗಾಗತ್ತೆ!"

ಮಗಳಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಅಪ್ಪನನ್ನು ನೋಡಬಹುದಲ್ಲ ಎಂದು ಸುಮ್ಮನೆ ಕೂತಳು.

ಕಟ್ಟಡದ ಬಾಗಿಲಲ್ಲಿ ವಾಚ್‌ಮನ್ ತಡೆದ. "ಯಾರನ್ನ ನೋಡ್ಬೇಕು?"

"ಜುಂದುಬ್ ಅವರನ್ನ," ಎಂದಳು ಮಗಳು. "ನಮ್ಮಪ್ಪ."

ವಾಚ್‌ಮನ್ ಹೊಡೆದ ಸಲಾಮಿಗೆ ಅವನ ಟೋಪಿ ಕೆಳಗೆ ಬಿತ್ತು. ಮ್ಯಾನೇಜರು ಮೂರನೇ ಮಹಡಿಯಿಂದ ಮೆಟ್ಟಿಲ ಮೇಲೇ ಉರುಳಿದಂತೆ ಓಡಿ ಬಂದರು, ಕೈಯಲ್ಲಿ ಬುಧವಾರವೇ ತಂದಿಟ್ಟು ಅರ್ಧ ಬಾಡಿದ ಹೂಗುಚ್ಛ. ವಕೀಲರು ಬಂದರು. ಡಾಕ್ಟರು ಒಬ್ಬ ರೋಗಿಯನ್ನು ಬಾಯಿ ತೆರೆಸಿಟ್ಟೇ ಬಂದರು. ಮಗಳಿಗೆ ಮ್ಯಾನೇಜರ ಸ್ವಂತ ಕುರ್ಚಿ ಬಂತು. ಮಗುವಿಗೆ ಯಾರೋ ಹಣ್ಣಿನ ರಸ ತಂದರು, ಅದಕ್ಕಿನ್ನೂ ಹಲ್ಲಿಲ್ಲವೆಂದು ಡಾಕ್ಟರು ತಜ್ಞರಾಗಿ ಅಭಿಪ್ರಾಯ ಕೊಟ್ಟರು.

"ನಾವು ಜುಂದುಬ್ ಸಾಹೇಬರ ಬೀಗರು," ಎಂದರು ಬೀಗರು, ಎದೆಯುಬ್ಬಿಸಿ.

"ತಮ್ಮನ್ನ ನೋಡಿದ್ರೇ ಗೊತ್ತಾಗತ್ತೆ!" ಎಂದರು ಮ್ಯಾನೇಜರು. "ಸಾಹೇಬ್ರು ಎಷ್ಟೊತ್ತಿಗೆ ದಯಮಾಡಿಸ್ತಾರೆ?"

"ಬರೋದೇನು? ಇಲ್ಲೇ ಇದ್ದಾರಲ್ಲ!"

ಎಲ್ಲರೂ ತಮ್ಮ ತಮ್ಮ ಹಿಂದೆ ತಿರುಗಿ ನೋಡಿಕೊಂಡರು. ಅದೇ ಹೊತ್ತಿಗೆ ಲಿಫ್ಟು ಕಿರುಗುಟ್ಟುತ್ತ ಇಳಿದು ನಿಂತಿತು. ಜಾಲರಿ ಸರಿಯಿತು. ಮೆತ್ತೆಯ ಸ್ಟೂಲಿನ ಮೇಲೆ, ತಿರುಗುವ ಫ್ಯಾನಿನ ಕೆಳಗೆ, ರಾತ್ರಿಯಿಡೀ ಅತ್ತು ಕಣ್ಣು ಊದಿಸಿಕೊಂಡ ಲಿಫ್ಟಿನವನು ಕೂತಿದ್ದ.

"ಅಪ್ಪಾ!" ಎಂದಳು ಮಗಳು.

ಹೂಗುಚ್ಛ ಮ್ಯಾನೇಜರ ಕೈಯಲ್ಲಿ ತಲೆ ತಗ್ಗಿಸಿತು. ಅವರ ಮುಖ ಇಂಗು ತಿಂದ ಮಂಗನದಾಯಿತು. ವಕೀಲರು ತಮಗೆ ಮೊದಲೇ ಅನುಮಾನವಿತ್ತು ಎಂದರು.

"ಇವನಾ?" ಎಂದರು ಮ್ಯಾನೇಜರು. "ಇವನ ಹೆಸರು ಬೇರೆ! ಬಿಲ್ಲೆ ಮೇಲೆ ಇದೆಯಲ್ಲ!"

"ಬೀಗರೇ," ಎಂದರು ಬೀಗರು, ಒಣಗಿದ ದನಿಯಲ್ಲಿ, "ಕಟ್ಟಡ?"

"ಯಾವ ಕಟ್ಟಡ ಬೀಗರೇ?" ಎಂದ ಲಿಫ್ಟಿನವನು. ಅವನ ತಲೆಯಲ್ಲಿದ್ದುದು ಒಂದೇ ವಿಷಯ. ಸಂಜೆಯವರೆಗೆ ಅದನ್ನು ಹೊತ್ತುಕೊಂಡಿರುವ ಶಕ್ತಿ ಅವನಲ್ಲಿರಲಿಲ್ಲ. ಎದ್ದು ನಿಂತು ಕೈಮುಗಿದ. "ತಪ್ಪಾಯ್ತು. ಸಿಂಹ ಅಲ್ಲ. ಗುರುಗಳೂ ಹೇಳಿಲ್ಲ. ಮಿಡತೆ. ನನ್ನ ಹೆಸರಿನ ಅರ್ಥ ಮಿಡತೆ."

ಡಾಕ್ಟರು ಮೊದಲು ನಕ್ಕರು. ನಗು ಒಂದರ ಹಿಂದೊಂದು ಎಲ್ಲರ ಬಾಯಿಗೂ ಹೋಗಿ ಬಂತು. ಬೀಗರಿಗೆ ನಗು ಬರಲಿಲ್ಲ. ಕೈಜಾರಿದ ಕಟ್ಟಡದ ದುಃಖವೆಲ್ಲ ಹೆಸರಿನ ಮೇಲೆ ತಿರುಗಿತು.

"ನನ್ನ ಮೊಮ್ಮಗನಿಗೆ ಹುಳದ ಹೆಸರಾ? ಸಾಧ್ಯವೇ ಇಲ್ಲ! ಏನಮ್ಮಾ, ಸಂಜೆ ನಮ್ಮಪ್ಪನ ಹೆಸರೇ ಇಡೋದು. ಸರಿ ಅಂತ ಈಗಲೇ ಹೇಳ್ಬಿಡು."

"ಇಲ್ಲ ಮಾವ," ಎಂದಳು ಮಗಳು.

"ಇಲ್ಲವಾ? ಮಿಡತೆ ಅಂತೆ, ಕೇಳಿಸ್ಲಿಲ್ವಾ?"

"ನಂಗೆ ಶಾಲೆಗೆ ಹೋಗೋವಾಗ್ಲೇ ಗೊತ್ತಿತ್ತು ಮಾವ. ಗುರುಗಳನ್ನ ನಾನೇ ಕೇಳಿದ್ದೆ." ಅವಳು ಅಪ್ಪನ ಕಡೆ ತಿರುಗಿದಳು. "ನೀನು ಸಿಂಹ ಅಂದ ದಿನ ಬೆನ್ನು ನೆಟ್ಟಗೆ ಮಾಡ್ಕೊಂಡು ಕೆಲಸಕ್ಕೆ ಹೋದೆ ಅಪ್ಪ. ಅಷ್ಟು ನೆಟ್ಟಗೆ ನಾನು ನಿನ್ನ ಯಾವತ್ತೂ ನೋಡಿರ್ಲಿಲ್ಲ. ಅದನ್ನ ಬಗ್ಗಿಸೋಕೆ ನಂಗೆ ಮನಸ್ಸು ಬರ್ಲಿಲ್ಲ."

ಲಿಫ್ಟಿನವನು ತನ್ನ ಬೆನ್ನನ್ನು ತಾನೇ ಮುಟ್ಟಿ ನೋಡಿಕೊಂಡ.

"ಗೊತ್ತಿದ್ದೂ ಇಡ್ತೀಯಾ?" ಎಂದರು ಬೀಗರು.

"ಗೊತ್ತಿದ್ದೇ ಇಡ್ತಿರೋದು. ನಮ್ಮಪ್ಪ ಇಷ್ಟು ವರ್ಷ ಯಾರೋ ಮೇಲೆ ಅಂದ್ರೆ ಮೇಲೆ, ಕೆಳಗೆ ಅಂದ್ರೆ ಕೆಳಗೆ ಹೋಗಿದ್ದಾರೆ. ಮಿಡತೆಗೆ ಯಾರೂ ಹಾಗೆ ಹೇಳಕ್ಕಾಗಲ್ಲ ಮಾವ. ಅದು ತನಗೆ ಬೇಕಾದಾಗ ಜಿಗಿಯತ್ತೆ. ನನ್ನ ಮಗ ಹಾಗಿರ್ಲಿ."

"ಆ ಹೆಸರಿನ ಹಿರಿಯರೊಬ್ರು ಇದ್ರಂತೆ," ಎಂದು ಮೆಟ್ಟಿಲಿನ ಕಡೆಯಿಂದ ಅಕ್ಕನ ದನಿ ಬಂತು. "ದೊಡ್ಡೋರ ಮುಖಕ್ಕೇ ಮಾತಾಡ್ತಿದ್ರಂತೆ. ಪಾಪ, ಅವರನ್ನೂ ಜನ ಬೇರೆ ಹೆಸರಿಂದ್ಲೇ ಕರೀತಿದ್ರಂತೆ."

ಬೀಗರು ಕನ್ನಡಕ ತೆಗೆದರು. ಒರೆಸಲು ಕರವಸ್ತ್ರ ಹುಡುಕಿದರು, ಸಿಗಲಿಲ್ಲ. ಬರಿಗಣ್ಣಿಗೆ ಮೊಮ್ಮಗ ಮಬ್ಬಾಗಿ ಕಂಡ. ಮಬ್ಬಿನಲ್ಲೂ ಅವನು ಮುಷ್ಟಿ ಬಿಗಿ ಹಿಡಿದಿದ್ದ. "ಹಿರಿಯರು ಅಂತ ಮೊದ್ಲೇ ಹೇಳ್ಬಾರ್ದಾ..." ಎಂದು ಅವರ ದನಿ ಅರ್ಧ ಮೆಟ್ಟಿಲು ಇಳಿಯಿತು.

ಮಗಳು ಮಗುವನ್ನು ಅಪ್ಪನ ಕೈಗೆ ಕೊಟ್ಟಳು. ಎತ್ತಿ ಎದೆಗವಚಿಕೊಳ್ಳಲು ಹೋದವನ ಕಣ್ಣಿಗೆ ಬಿಲ್ಲೆಯ ಸೂಜಿ ಬಿತ್ತು. ಮಗುವಿಗೆ ಚುಚ್ಚೀತೆಂದು ಒಂದೇ ಕೈಯಲ್ಲಿ ಅದನ್ನು ಬಿಚ್ಚಿದ. ಅಂಗಿಯ ಮೇಲೆ ಬಿಲ್ಲೆಯಿದ್ದ ಜಾಗ ಮಾತ್ರ ಹೊಸದಾಗಿ, ಬಣ್ಣ ಮಾಸದೆ ಕಂಡಿತು.

"ಏಯ್, ಅದನ್ಯಾಕೆ ಬಿಚ್ಚಿದೆ?" ಎಂದರು ಮ್ಯಾನೇಜರು. ಈಗ ಮರ್ಯಾದೆಯ ಅಗತ್ಯವಿರಲಿಲ್ಲ, ಅವರ ದನಿ ಹಳೆಯ ಜಾಗಕ್ಕೆ ಬಂದಿತ್ತು. "ನಾಟಕ ಸಾಕು. ಬಿಲ್ಲೆ ಹಾಕ್ಕೋ. ಆ ಮಿಡತೆ ಗಿಡತೆ ಹೆಸರು ಈ ಕಟ್ಟಡದಲ್ಲಿ ಇನ್ನೊಂದ್ಸಲ ಕೇಳಿಸ್ಬಾರದು. ಸ್ಟೂಲ್ ಹೊರಗಿಡು. ನಡಿ, ಮೂರನೇ ಮಹಡಿಗೆ."

ಮಗು ಅವನ ಬೆರಳು ಹಿಡಿದಿತ್ತು. ಬಿಡಿಸಿಕೊಳ್ಳಲಾಗದಷ್ಟು ಬಲವಾಗಿಯೇನೂ ಅಲ್ಲ.

"ಇಲ್ಲ ಸಾರ್," ಎಂದ ಲಿಫ್ಟಿನವನು. ಹೇಳಿದ ಮೇಲೆ ಯಾರು ಹೇಳಿದ್ದೆಂದು ಅವನೇ ಸುತ್ತ ನೋಡಿದ. ಆಕಳಿಕೆಯ ಹಾಗೆ ಈ ಮಾತೂ ಒಬ್ಬರಿಂದ ಒಬ್ಬರಿಗೆ ಅಂಟುವಂಥದು, ಬಾಯಿ ಮುಚ್ಚಿಕೊಂಡರೂ ತಡೆಯುವುದಿಲ್ಲ. "ಇದು ನನ್ನದಲ್ಲ ಸಾರ್. ಲಿಫ್ಟಿನದೂ ಅಲ್ಲ."

ಅವನು ಮಗುವನ್ನು ಎತ್ತಿಕೊಂಡೇ ಮೆಟ್ಟಿಲಿನ ಬಳಿ ಹೋದ. ಬಿಲ್ಲೆಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. ಅಕ್ಕನ ಅಂಗೈಯಲ್ಲಿಟ್ಟ. ಅವಳಿಗೆ ಓದಲು ಬರುತ್ತಿರಲಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸಿದಳು, ತಿರುಗಿ ಮೊದಲಿನಿಂದ ಆಡಿಸಿದಳು. ಪೊರಕೆ ಗೋಡೆಗೆ ಒರಗಿತು.

ಯಾರೂ ನಗಲಿಲ್ಲ. ಮೇಲಿನ ಮಹಡಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿ ಮಾತ್ರ ಡಾಕ್ಟರನ್ನು ಕೂಗುತ್ತಿದ್ದ.

ಮ್ಯಾನೇಜರು ಅವಳ ಮುಂದೆ ಕೈ ಚಾಚಿದರು. "ಕೊಡು ಇಲ್ಲಿ. ಅದು ಆಫೀಸಿನ ಸ್ವತ್ತು."

ಅಕ್ಕ ಮುಷ್ಟಿ ಮುಚ್ಚಿದಳು.

"ಕೊಡಲ್ಲ," ಎಂದಳು.